ಐಸಕ್ಕ ಹೇಳುವವರೆಗೆ

ಐಸಕ್ಕ ಎಂದು ಅವಳಿಗೆ ಹೆಸರಿಟ್ಟವರು ಎಮರ್ಜೆನ್ಸಿಯ ಸಿಸ್ಟರುಗಳು. ಪ್ರೀತಿ ಉಕ್ಕಿ ಇಟ್ಟ ಹೆಸರೇನಲ್ಲ ಅದು. ಆಸ್ಪತ್ರೆಯ ಎರಡನೇ ಮಹಡಿಯ ಲ್ಯಾಬಿನ ಕಿಟಕಿಯಲ್ಲಿ ಕೂತು, ಲ್ಯಾಕ್ಟೇಟ್ ಪರೀಕ್ಷೆಗೆಂದು ಬಂದ ಟ್ಯೂಬನ್ನು ಮೊದಲು ಬೆರಳಿನಿಂದ ಮುಟ್ಟಿ ನೋಡುವುದು ಅವಳ ಕ್ರಮ. ತಣ್ಣಗಿದ್ದರೆ ಒಳಗೆ, ಬೆಚ್ಚಗಿದ್ದರೆ ವಾಪಸು. "ಐಸ್ ಎಲ್ಲಿ?" ಎಂದು ಅವಳು ಕೇಳಿದಳೆಂದರೆ ಟ್ಯೂಬ್ ತಂದವರು ಮರುಮಾತಾಡದೆ ಮೆಟ್ಟಿಲಿಳಿಯುತ್ತಿದ್ದರು. ಇಳಿಯುವಾಗ ಏನು ಗೊಣಗುತ್ತಿದ್ದರೋ ಅದು ಅವಳ ಕಿವಿಗೆ ಬೀಳುತ್ತಿರಲಿಲ್ಲ, ಬಿದ್ದರೂ ಅವಳು ಬದಲಾಗುವ ಪೈಕಿಯಲ್ಲ.

ಹಟಕ್ಕೆ ಕಾರಣವಿತ್ತು. ದೇಹದ ಯಾವುದೋ ಭಾಗಕ್ಕೆ ರಕ್ತ ಸಾಲದೆ ಹೋದಾಗ ಲ್ಯಾಕ್ಟೇಟ್ ಏರುತ್ತದೆ. ಆದರೆ ಟ್ಯೂಬಿನೊಳಗಿನ ರಕ್ತಕ್ಕೂ ಜೀವವಿರುತ್ತದಲ್ಲ, ಬೆಚ್ಚಗೆ ಬಿಟ್ಟರೆ ಅಲ್ಲೇ ಕೂತು ಅದು ತಾನೇ ಲ್ಯಾಕ್ಟೇಟ್ ಹುಟ್ಟಿಸುತ್ತದೆ. ಆರೋಗ್ಯವಂತನೂ ಕಾಗದದ ಮೇಲೆ ಸಾಯುವ ಹಾಗೆ ಕಾಣುತ್ತಾನೆ. ಅದಕ್ಕೇ ಅವಳ ಎದುರಿನ ಗೋಡೆಯ ಮೇಲೆ ಒಂದು ಚೀಟಿ: ತೋಳಿನ ಪಟ್ಟಿ ಒಂದು ನಿಮಿಷ ಮೀರಬಾರದು; ರೋಗಿಗೆ ಮುಷ್ಟಿ ಹಿಚುಕಲು ಹೇಳಬಾರದು; ಐಸಿನಲ್ಲಿಟ್ಟು ಹದಿನೈದು ನಿಮಿಷದೊಳಗೆ ತರಬೇಕು; ಇಲ್ಲವಾದರೆ ತರಲೇಬಾರದು. ಕೆಳಗೆ ತಾರೀಕು, ಸಹಿ. ತಾರೀಕಿಲ್ಲದ ಯಾವುದನ್ನೂ ಅವಳು ನಂಬುತ್ತಿರಲಿಲ್ಲ.

ಚೀಟಿ ಬರೆಯುವುದು ಅವಳಿಗೊಂದು ಚಟವೇ ಆಗಿಬಿಟ್ಟಿತ್ತು. ಮನೆಯಲ್ಲೂ ಗ್ಯಾಸ್ ಒಲೆಯ ಮೇಲೊಂದು, ನೀರಿನ ಮೋಟಾರಿನ ಸ್ವಿಚ್ಚಿನ ಪಕ್ಕದಲ್ಲೊಂದು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. "ನನ್ನ ಹಣೆಗೂ ಒಂದು ಅಂಟಿಸಿಬಿಡು" ಎಂದು ನಗುತ್ತಿದ್ದ.

ಆ ಬುಧವಾರ ಬೆಳಿಗ್ಗೆ ಹತ್ತೂವರೆಗೆ ಲ್ಯಾಬಿನ ಫೋನು ಹೊಡೆದುಕೊಂಡಿತು. ಎಮರ್ಜೆನ್ಸಿಯ ದೊಡ್ಡ ಸಿಸ್ಟರ್.

"ಐಸಕ್ಕ, ನಿಮ್ಮ ಮಾವನ್ನ ಕರ್ಕೊಂಡು ಬಂದಿದ್ದಾರೆ. ಹೊಟ್ಟೆನೋವು. ಕೆಳಗೆ ಬನ್ನಿ."

ಅವಳು ಕುರ್ಚಿ ಹಿಂದೆ ತಳ್ಳಿ ಎದ್ದಳು. ಮರುಗಳಿಗೆಯೇ ಸಮಾಧಾನ ಮಾಡಿಕೊಂಡಳು. ಮಾವನ ನೋವುಗಳ ವಿಷಯ ಯಾರಿಗೆ ಗೊತ್ತಿಲ್ಲ? ನಲವತ್ತು ವರ್ಷ ದರ್ಜಿಯಾಗಿ ಸೂಜಿ ಹಿಡಿದ ಮನುಷ್ಯ, ಆಸ್ಪತ್ರೆಯ ಸೂಜಿ ಕಂಡರೆ ಮಾತ್ರ ಓಣಿಗೆ ಓಣಿಯೇ ಸೇರುವ ಹಾಗೆ ಕೂಗುತ್ತಿದ್ದ. ಸೊಳ್ಳೆ ಕಚ್ಚಿದರೆ ಅರ್ಧ ದಿನ ಅದೇ ಮಾತು. ಮೊಣಕಾಲು ನೋವು, ಕುತ್ತಿಗೆ ನೋವು, ಒಮ್ಮೆ ಕೂದಲು ನೋಯುತ್ತದೆ ಎಂದೂ ಹೇಳಿದ್ದುಂಟು.

ಕೆಳಗೆ ಮೂರನೇ ಮಂಚದಲ್ಲಿ ಮಾವ ಮಂಡಿಗಳನ್ನು ಎದೆಗೆಳೆದುಕೊಂಡು ಒಂದು ಮಗ್ಗುಲಿಗೆ ಮಲಗಿದ್ದ. ಕಣ್ಣು ಮುಚ್ಚಿತ್ತು. ಹಣೆಯ ಮೇಲೆ ಬೆವರು. ಪಕ್ಕದಲ್ಲಿ ನಾದಿನಿ, ಗಂಡನ ತಂಗಿ, ಎದೆಗೆ ಒಂದು ಚೀಲ ಅವಚಿಕೊಂಡು ನಿಂತಿದ್ದಳು. ಅವಳ ಮನೆ ಪಕ್ಕದ ಬೀದಿಯಲ್ಲಿ, ಹಗಲು ಅಪ್ಪನನ್ನು ನೋಡಿಕೊಳ್ಳುವವಳು ಅವಳೇ.

"ಎಂಟೂವರೆಗೆ ಶುರುವಾಯ್ತು ಅತ್ತಿಗೆ. ಒಂದ್ಸಲ ವಾಂತಿ ಆಯ್ತು. ನಿನ್ನೆ ಏನೋ ಕರಿದಿದ್ದು ತಿಂದಿದ್ರು, ಗ್ಯಾಸೇ ಇರ್ಬೇಕು."

ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನ ಹೆಂಗಸು, ಮಾತು ಕಡಿಮೆ, ಕೈ ಮೆತ್ತಗೆ. ಮಾವನ ಹೊಟ್ಟೆಯನ್ನು ನಾಲ್ಕು ಕಡೆ ಒತ್ತಿ ನೋಡಿದಳು. "ಹೊಟ್ಟೆ ಮೆತ್ತಗೇ ಇದೆ. ನಾಡಿ ಮಾತ್ರ ಏರುಪೇರು. ಹಳೇದಾ?"

"ಹಳೇದು. ಮೂರು ವರ್ಷದಿಂದ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಾರೆ," ಎಂದಳು ಐಸಕ್ಕ.

ರಕ್ತ ತೆಗೆಯಬೇಕಿತ್ತು. ಸಿಸ್ಟರ್ ಎರಡು ಸಲ ಚುಚ್ಚಿದಳು, ನರ ಸಿಗಲಿಲ್ಲ. "ಕೊಡಿ ಇಲ್ಲಿ," ಎಂದು ಐಸಕ್ಕ ಮುಂದಾದಳು. ಮಾವನ ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು. ಸಾವಿರಾರು ತೋಳು ನೋಡಿದ ಕೈಗೂ ಇವತ್ತು ನರ ಬೇಗ ಸಿಗಲಿಲ್ಲ. "ಮುಷ್ಟಿ ಹಿಡಿರಿ ಮಾವ, ಬಿಡಿ, ಇನ್ನೊಂದ್ಸಲ ಹಿಡಿರಿ, ಗಟ್ಟಿಯಾಗಿ." ಮಾವ ಹಿಡಿದ, ಬಿಟ್ಟ, ಮತ್ತೆ ಹಿಡಿದ. ಕೊನೆಗೂ ರಕ್ತ ಬಂತು. ನಾಲ್ಕು ಟ್ಯೂಬ್ ತುಂಬಿ, ಬೂದು ಮುಚ್ಚಳದ ಲ್ಯಾಕ್ಟೇಟ್ ಟ್ಯೂಬನ್ನು ಐಸಿನಲ್ಲಿ ಹೂತು, ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಓಡಿದಳು.

ಮೆಷಿನ್ ಅಂಕಿ ತೋರಿಸಿತು. ನಾಲ್ಕು ಪಾಯಿಂಟ್ ಒಂದು. ಎರಡರೊಳಗಿರಬೇಕಾದದ್ದು.

ಏರುಪೇರಾದ ನಾಡಿ, ಇದ್ದಕ್ಕಿದ್ದಂತೆ ಹೊಟ್ಟೆನೋವು, ಏರಿದ ಲ್ಯಾಕ್ಟೇಟ್. ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತದ ತುಣುಕೊಂದು ಹೊರಟು ಕರುಳಿಗೆ ರಕ್ತ ಒಯ್ಯುವ ನಾಳಕ್ಕೆ ಅಡ್ಡ ಕೂತರೆ ಹೀಗೇ ಆಗುತ್ತದೆ ಎಂದು ಆರು ತಿಂಗಳ ಹಿಂದೆ ತರಬೇತಿಯಲ್ಲಿ ಕೇಳಿದ್ದಳು. ಕರುಳಿಗೆ ಸಿಗುವ ಗಡುವು ಕೆಲವೇ ಗಂಟೆ. ಆಮೇಲೆ ಅದು ಕಪ್ಪಾಗುತ್ತದೆ, ಆಮೇಲೆ ಯಾವ ಡಾಕ್ಟರೂ ಏನೂ ಮಾಡುವಂತಿಲ್ಲ. ನೋವು ಶುರುವಾಗಿ ಆಗಲೇ ಎರಡೂಕಾಲು ಗಂಟೆ.

ಫೋನು ಎತ್ತಿಕೊಂಡವಳ ಕಣ್ಣು ಗೋಡೆಯ ಮೇಲಿನ ಚೀಟಿಗೆ ಬಿತ್ತು. ಪಟ್ಟಿ ಒಂದು ನಿಮಿಷ ಮೀರಬಾರದು. ಎಷ್ಟು ಹೊತ್ತು ಕಟ್ಟಿದ್ದೆ? ಎರಡು ನಿಮಿಷ? ಎರಡೂವರೆ? ಮುಷ್ಟಿ ಹಿಚುಕಲು ಹೇಳಬಾರದು. ತಾನೇ ಅಲ್ಲವೇ ಹಿಚುಕಿಸಿದ್ದು, ಅದೂ ಗಟ್ಟಿಯಾಗಿ? ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಬೇರೆ ಯಾರಾದರೂ ಹೀಗೆ ತಂದಿದ್ದರೆ ಕಿಟಕಿಯಿಂದಲೇ ಓಡಿಸುತ್ತಿದ್ದಳು.

ಒಂದು ಆಸೆ ಸುಳಿಯಿತು. ಸುಮ್ಮನಿದ್ದುಬಿಡೋಣ. ಮೆಷಿನ್ ಕೊಟ್ಟ ಅಂಕಿ, ಸುಳ್ಳೇನಲ್ಲ. ಈ ಅಂಕಿ ನೋಡಿದರೆ ಡಾಕ್ಟರ್ ಸ್ಕ್ಯಾನಿಗೆ ಕಳಿಸಿಯೇ ಕಳಿಸುತ್ತಾಳೆ. ಆದರೆ ಮಾವನ ಮೂತ್ರಪಿಂಡಗಳು ಮೊದಲೇ ದುರ್ಬಲ. ಆ ಸ್ಕ್ಯಾನಿಗೆ ರಕ್ತಕ್ಕೆ ಬಿಡುವ ಔಷಧಿ ಅವುಗಳನ್ನು ಪೂರ್ತಿ ಕೆಡಿಸಬಹುದು. ಬರೀ ಗ್ಯಾಸಾಗಿದ್ದರೆ? ಹನ್ನೊಂದು ವರ್ಷ ಊರಿಗೆಲ್ಲ ಬುದ್ಧಿ ಹೇಳಿ, ಮಾವನಿಗೇ ಸುಳ್ಳು ಅಂಕಿ ಕೊಡುವುದೇ?

"ಡಾಕ್ಟರ್, ಆ ಲ್ಯಾಕ್ಟೇಟ್ ನಂಬಬೇಡಿ. ಪಟ್ಟಿ ಜಾಸ್ತಿ ಹೊತ್ತು ಕಟ್ಟಿದ್ರು, ಮುಷ್ಟಿನೂ ಹಿಚುಕಿಸಿದ್ರು. ಪಟ್ಟಿ ಇಲ್ದೆ ಇನ್ನೊಂದ್ಸಲ ತೆಗೀಬೇಕು."

"ಯಾರು ತೆಗೆದಿದ್ದು?"

"ನಾನೇ."

ಆ ಕಡೆ ಯಾರೋ ಸಿಸ್ಟರ್ ಕಿಸಕ್ಕೆಂದದ್ದು ಕೇಳಿಸಿತು. ನಗಲಿ ಬಿಡು, ಅವರಿಗೂ ಒಂದು ದಿನ ಬೇಡವೇ.

ಎರಡನೆಯ ಸಲ ದೊಡ್ಡ ಸಿಸ್ಟರ್ ಅಂಗೈ ಹಿಂಭಾಗದಿಂದ, ಪಟ್ಟಿ ಕಟ್ಟದೆ ತೆಗೆದಳು. ಟ್ಯೂಬ್ ಐಸಿನಲ್ಲಿ ಆರು ನಿಮಿಷದಲ್ಲಿ ಬಂತು. ಒಂದು ಪಾಯಿಂಟ್ ಏಳು. ನಾರ್ಮಲ್. ಐಸಕ್ಕ ಅಂಕಿಯನ್ನು ಮೂರು ಸಲ ಓದಿ, ಬಾಯಿ ತೆರೆದು ಉಸಿರು ಬಿಟ್ಟಳು. ಬಿಳಿ ರಕ್ತಕಣ ಸ್ವಲ್ಪ ಹೆಚ್ಚಿತ್ತು. ಹೆಪ್ಪುಗಟ್ಟಿದ ರಕ್ತ ಕರಗುವಾಗ ಏರುವ ಡಿ-ಡೈಮರ್ ತುಂಬಾ ಹೆಚ್ಚಿತ್ತು. ಆದರೆ ಡಿ-ಡೈಮರ್ ಎಂಬುದು ಎಲ್ಲಕ್ಕೂ ಬೊಗಳುವ ನಾಯಿ. ವಯಸ್ಸಿಗೂ ಏರುತ್ತದೆ, ಸೋಂಕಿಗೂ ಏರುತ್ತದೆ. ಅದು ಕಡಿಮೆಯಿದ್ದರೆ ನಿಶ್ಚಿಂತೆಯಿಂದ ಮಲಗಬಹುದು, ಹೆಚ್ಚಿದ್ದರೆ ಏನೂ ಹೇಳುವಂತಿಲ್ಲ.

ಕೆಳಗೆ ಬಂದಾಗ ಡಾಕ್ಟರ್ ಕಾಗದ ನೋಡುತ್ತಿದ್ದಳು. "ನನಗೂ ಕರುಳಿನ ರಕ್ತನಾಳದ ಅನುಮಾನ ಇತ್ತು ಅಕ್ಕ. ಆದ್ರೆ ಲ್ಯಾಕ್ಟೇಟ್ ಸರಿಯಿದೆ, ಹೊಟ್ಟೆ ಮೆತ್ತಗಿದೆ, ರಕ್ತ ತೆಳು ಮಾಡೋ ಮಾತ್ರೆ ಮೇಲಿದ್ದಾರೆ. ಕಿಡ್ನಿ ಬೇರೆ ಹೀಗಿದೆ. ವಾರ್ಡಿಗೆ ಹಾಕಿ ಸಂಜೆವರೆಗೆ ನೋಡೋಣ. ನಾಲ್ಕು ಗಂಟೆಗೆ ಲ್ಯಾಕ್ಟೇಟ್ ಇನ್ನೊಂದ್ಸಲ ಮಾಡೋಣ."

"ನಾನು ಹೇಳ್ಲಿಲ್ವಾ, ಗ್ಯಾಸು ಅಂತ," ಎಂದಳು ನಾದಿನಿ, ನೀರಿನ ಬಾಟಲಿ ಹಿಡಿದು ಹೊರಡುತ್ತ. "ನಮ್ಮಪ್ಪನ ನೋವು ಅಂದ್ರೆ ಗುಡ್ಡ ಅಗೆದು ಇಲಿ ಹಿಡಿಯೋದೇ."

ಐಸಕ್ಕ ನಗಲು ಹೋದಳು. ನಗು ಬರಲಿಲ್ಲ. ಏನೋ ಒಂದು ತಪ್ಪಿತ್ತು, ಯಾವುದೆಂದು ಹೊಳೆಯುತ್ತಿರಲಿಲ್ಲ. ಮಂಚದ ಪಕ್ಕ ನಿಂತು ಮಾವನ ಮುಖವನ್ನೇ ನೋಡಿದಳು. ದವಡೆ ಬಿಗಿದಿತ್ತು. ತುಟಿ ಬೆಳ್ಳಗಾಗಿತ್ತು. ಆಗ ಹೊಳೆಯಿತು. ಸಿಸ್ಟರ್ ಎರಡು ಸಲ ಚುಚ್ಚಿದಳು, ತಾನೊಂದು ಸಲ, ದೊಡ್ಡ ಸಿಸ್ಟರ್ ಇನ್ನೊಂದು ಸಲ. ಒಟ್ಟು ನಾಲ್ಕು ಸೂಜಿ. ಮಾವ ಒಂದು ಸಲವೂ ಅಯ್ಯೋ ಅನ್ನಲಿಲ್ಲ.

ಸೊಳ್ಳೆಗೆ ಕೂಗುವ ಮನುಷ್ಯ ಸೂಜಿಗೆ ಕೂಗಲಿಲ್ಲವೆಂದರೆ ಒಳಗಿನ ನೋವು ಎಷ್ಟು ದೊಡ್ಡದಿರಬೇಕು. ಲ್ಯಾಕ್ಟೇಟ್ ತಡವಾಗಿ ಏರುವುದೂ ಉಂಟು, ಕರುಳು ಸಾಯಲು ಶುರುವಾದ ಮೇಲೆ. ಆ ತರಬೇತಿಯಲ್ಲಿ ಅದನ್ನೂ ಹೇಳಿದ್ದರು. ಕರುಳಿನ ಒಳಪದರ ಕೆಡತೊಡಗಿದೊಡನೆ ರಕ್ತಕ್ಕೆ ಸೋರುವ ಒಂದು ಪ್ರೋಟೀನ್ ಇದೆಯಂತೆ, ಅದನ್ನು ಅಳೆದರೆ ಮೊದಲೇ ಸುಳಿವು ಸಿಗಬಹುದಂತೆ. ಅವಳ ಲ್ಯಾಬಿನಲ್ಲಿ ಆ ಪರೀಕ್ಷೆ ಇರಲಿಲ್ಲ. ಸಂಜೆ ನಾಲ್ಕಕ್ಕೆ ಲ್ಯಾಕ್ಟೇಟ್ ಏರಿದರೆ ಎಲ್ಲರೂ ನಂಬುತ್ತಾರೆ. ಆಗ ನಂಬಿ ಏನು ಪ್ರಯೋಜನ?

ಆದರೆ ಮಾತ್ರೆ? ರಕ್ತ ತೆಳು ಮಾಡುವ ಮಾತ್ರೆ ನುಂಗುವವರಲ್ಲಿ ಹೆಪ್ಪುಗಟ್ಟುವುದು ಅಪರೂಪ. ನಾದಿನಿ ಬಿಟ್ಟುಹೋದ ಚೀಲ ಮಂಚದ ಕೆಳಗಿತ್ತು. ಅದರೊಳಗೆ ಮಾವನ ಮಾತ್ರೆಗಳ ಡಬ್ಬಿ. ಅಂಗಡಿಯಲ್ಲಿ ಗುಂಡಿ ತುಂಬಿಡುತ್ತಿದ್ದ ಹಳೆಯ ತಗಡಿನ ಡಬ್ಬಿ ಅದು. ಐಸಕ್ಕ ಮುಚ್ಚಳ ತೆಗೆದಳು.

ಬಿಪಿ ಮಾತ್ರೆ ಅರ್ಧ ಖಾಲಿ. ಹೃದಯದ ಮಾತ್ರೆ ಅರ್ಧ ಖಾಲಿ. ರಕ್ತ ತೆಳು ಮಾಡುವ ಮಾತ್ರೆಯ ಹಾಳೆ ಮಾತ್ರ ರಬ್ಬರ್ ಬ್ಯಾಂಡ್ ಹಾಕಿದ್ದು ಹಾಕಿದ ಹಾಗೇ ಇತ್ತು. ಬ್ಯಾಂಡಿನಡಿ ಒಂದು ಚೀಟಿ. ತನ್ನದೇ ಅಕ್ಷರ.

"ಹಲ್ಲು ಕೀಳಿಸಬೇಕು. ನಾನು ಹೇಳುವವರೆಗೆ ಇದನ್ನು ತೆಗೆದುಕೊಳ್ಳಬೇಡಿ." ಕೆಳಗೆ ತಾರೀಕು, ಸಹಿ.

ತಾರೀಕು ಹನ್ನೆರಡು ದಿನದ ಹಿಂದಿನದು. ಹಲ್ಲಿನ ಡಾಕ್ಟರ್ ಎರಡು ದಿನ ನಿಲ್ಲಿಸಿದರೆ ಸಾಕು ಎಂದಿದ್ದರು. ಹಲ್ಲು ಕಿತ್ತ ದಿನ ಮಾವ ಎಬ್ಬಿಸಿದ ಗಲಾಟೆಗೆ ಮನೆಮಂದಿಯೆಲ್ಲ ನಕ್ಕಿದ್ದೇ ನಕ್ಕಿದ್ದು. ಮಾರನೆಯ ದಿನ ಲ್ಯಾಬಿನಲ್ಲಿ ಇಬ್ಬರು ರಜೆ ಹಾಕಿದರು, ಅವಳಿಗೆ ಒಂದರ ಮೇಲೊಂದು ಪಾಳಿ ಬಿತ್ತು. ಶುರು ಮಾಡಿ ಎಂದು ಹೇಳುವುದು ಮರೆತೇಹೋಯಿತು. ಮಗನ ಮಾತು ಕೇಳದ, ಮಗಳ ಮಾತು ಕೇಳದ ಆ ಮನುಷ್ಯ ಅವಳ ಮಾತು ಮಾತ್ರ ಮೀರುತ್ತಿರಲಿಲ್ಲ. "ಕೈ ನೋಡಿ ಹೇಳೋರು ಎಷ್ಟೋ ಜನ. ನನ್ನ ರಕ್ತ ನೋಡಿ ಹೇಳೋಳು ನನ್ನ ಸೊಸೆ ಒಬ್ಳೇ," ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅವಳು ಹೇಳಲಿಲ್ಲ, ಅವನು ನುಂಗಲಿಲ್ಲ.

ಕೈಯಲ್ಲಿ ಚೀಟಿ ಹಿಡಿದು ಅವಳು ತಾರೀಕನ್ನು ಇನ್ನೊಮ್ಮೆ ಓದಿದಳು. ಮಾವ ಕಣ್ಣು ತೆರೆದಿದ್ದ. ಅವಳ ಕೈಯನ್ನೇ ನೋಡುತ್ತಿದ್ದ.

"ನಾನೇ ಮರೆತೆ ಅಂತ ಹೇಳು," ಎಂದ. ಬೆಳಗಿನಿಂದ ಅವನಾಡಿದ ಮೊದಲ ಮಾತು. ದನಿ ಹೊರಡುತ್ತಿರಲಿಲ್ಲ. "ಮುದುಕ, ಮರೆತ ಅಂದ್ರೆ ಎಲ್ರೂ ನಂಬ್ತಾರೆ. ನನ್ನ ಮೇಲೆ ಹಾಕು."

ನಂಬುತ್ತಿದ್ದರು, ಸಂದೇಹವೇ ಇರಲಿಲ್ಲ. ಐಸಕ್ಕನ ಬೆರಳು ಚೀಟಿಯನ್ನು ಮಡಿಚಿತು. ಕೋಟಿನ ಜೇಬು ಅರ್ಧ ಗೇಣು ದೂರದಲ್ಲಿತ್ತು. ಅವಳು ಅಲ್ಲಿಂದಲೇ ಡಾಕ್ಟರನ್ನು ಕರೆದಳು.

"ಇವರು ರಕ್ತದ ಮಾತ್ರೆ ತಗೊಳ್ತಿಲ್ಲ ಡಾಕ್ಟರ್. ಹನ್ನೆರಡು ದಿನದಿಂದ."

"ಖಚಿತವಾಗಿ ಗೊತ್ತಾ ಅಕ್ಕ? ವಯಸ್ಸಾದವರು ಒಂದೆರಡು ದಿನ ಬಿಟ್ಟಿರ್ತಾರೆ, ಮತ್ತೆ ತಗೊಂಡಿರ್ತಾರೆ. ಒಂದೆರಡಕ್ಕೂ ಹನ್ನೆರಡಕ್ಕೂ ಅಜಗಜಾಂತರ."

ಮಾವನೇ ಮರೆತ ಎಂದು ಹೇಳಿಬಿಟ್ಟಿದ್ದರೆ ಆ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ. ಐಸಕ್ಕ ಚೀಟಿ ಬಿಡಿಸಿ ಡಾಕ್ಟರ ಮುಂದೆ ಹಿಡಿದಳು. "ಒಂದೂ ತಗೊಂಡಿಲ್ಲ. ನಾನೇ ನಿಲ್ಲಿಸಿದ್ದು. ಶುರು ಮಾಡಿ ಅಂತ ಹೇಳೋದು ಮರೆತೆ. ತಾರೀಕು ಇದೆ ನೋಡಿ. ಇನ್ನೊಂದು ಮಾತು ಡಾಕ್ಟರ್. ಇವರು ಸೂಜಿ ಅಂದ್ರೆ ಅತ್ತುಬಿಡೋ ಮನುಷ್ಯ. ಇವತ್ತು ನಾಲ್ಕು ಸಲ ಚುಚ್ಚಿದ್ರೂ ಉಸಿರೆತ್ತಿಲ್ಲ. ನಮ್ಮ ಲ್ಯಾಬಿನ ಅಂಕಿ ಪಕ್ಕಕ್ಕಿಡಿ."

ಡಾಕ್ಟರ್ ಚೀಟಿ ಓದಿದಳು, ಮಾವನ ಮುಖ ನೋಡಿದಳು, ಗಡಿಯಾರ ನೋಡಿದಳು. ಹನ್ನೊಂದು ಮುಕ್ಕಾಲು. "ಸ್ಕ್ಯಾನಿಗೆ ಫೋನ್ ಮಾಡಿ," ಎಂದಳು ಸಿಸ್ಟರಿಗೆ. "ಕಿಡ್ನಿ ವಿಷಯ ಆಮೇಲೆ ನೋಡ್ಕೊಳ್ಳೋಣ. ಸರ್ಜನ್‌ಗೂ ಹೇಳಿ."

ಐಸಕ್ಕ ಹಿಂದೆ ತಿರುಗಿದಾಗ ನೀರಿನ ಬಾಟಲಿ ಹಿಡಿದ ನಾದಿನಿ ಅಲ್ಲೇ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ನೀವಾ ಅತ್ತಿಗೆ," ಎಂದಳು. ಅಷ್ಟೇ. ಮುಂದೆ ಆರು ದಿನ ಅವಳು ಐಸಕ್ಕನ ಜೊತೆ ಒಂದು ಮಾತೂ ಆಡಲಿಲ್ಲ.

ಸ್ಕ್ಯಾನಿನಲ್ಲಿ ಕರುಳಿನ ಮುಖ್ಯ ನಾಳದೊಳಗೆ ಹೆಪ್ಪು ಸ್ಪಷ್ಟವಾಗಿ ಕಂಡಿತು. ಒಂದು ಗಂಟೆಗೆ ಮೊದಲೇ ಮಾವನನ್ನು ಆಪರೇಷನ್ ಕೋಣೆಗೆ ತಳ್ಳಿಕೊಂಡು ಹೋದರು. ಹೊರಗಿನ ಬೆಂಚಿನ ಒಂದು ತುದಿಯಲ್ಲಿ ನಾದಿನಿ, ಇನ್ನೊಂದು ತುದಿಯಲ್ಲಿ ಐಸಕ್ಕ. ನಡುವೆ ಮೂರು ಜನ ಕೂರುವಷ್ಟು ಜಾಗ. ಐಸಕ್ಕ ಬಾಗಿಲ ಮೇಲಿನ ಕೆಂಪು ದೀಪ ನೋಡುತ್ತ, ಹನ್ನೆರಡು ದಿನಗಳನ್ನು ಒಂದೊಂದಾಗಿ ಎಣಿಸಿದಳು. ಪ್ರತಿ ಬೆಳಿಗ್ಗೆಯೂ ಅವಳು ಮಾವನಿಗೆ ಚಹಾ ಕೊಟ್ಟಿದ್ದಳು. ಪ್ರತಿ ಬೆಳಿಗ್ಗೆಯೂ ಆ ಡಬ್ಬಿ ಲೋಟದ ಪಕ್ಕದಲ್ಲೇ ಇತ್ತು.

ಗಂಡ ಡಿಪೋದಿಂದ ಕೈಗೆ ಗ್ರೀಸು ಮೆತ್ತಿಕೊಂಡೇ ಓಡಿಬಂದ. ನಾದಿನಿ ಬಾಯಿ ತೆರೆಯುವ ಮೊದಲೇ ಐಸಕ್ಕ ಎದ್ದು ನಿಂತು ಎಲ್ಲವನ್ನೂ ಹೇಳಿದಳು, ಒಂದಕ್ಷರ ಬಿಡದೆ. ಅವನು ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಇಬ್ಬರು ಹೆಂಗಸರ ನಡುವಿನ ಜಾಗದಲ್ಲಿ ಕೂತ.

"ನಾನೂ ಆ ಡಬ್ಬಿ ದಿನಾ ನೋಡ್ತಿದ್ದೆ," ಎಂದ. "ಚೀಟಿನೂ ಓದಿದ್ದೆ. ಅವಳು ನೋಡ್ಕೊಳ್ತಾಳೆ ಬಿಡು ಅಂದ್ಕೊಂಡೆ."

ಮೂರೂವರೆಗೆ ಸರ್ಜನ್ ಹೊರಬಂದ. ಹೆಪ್ಪು ತೆಗೆದಾಗಿತ್ತು. ಕಪ್ಪಾಗಿದ್ದ ಕರುಳನ್ನು ಮೊಳದಷ್ಟು ಕತ್ತರಿಸಬೇಕಾಯಿತು, ಉಳಿದದ್ದು ಕಣ್ಣೆದುರೇ ಕೆಂಪಾಯಿತು ಎಂದ. "ಸಂಜೆವರೆಗೆ ಕಾದಿದ್ರೆ ಹೊಟ್ಟೆ ತೆರೆದು ಹಾಗೇ ಮುಚ್ಚಬೇಕಾಗ್ತಿತ್ತು." ಇನ್ನೂ ಎರಡು ದಿನ ಏನೂ ಹೇಳಲಾಗದು, ಮೂತ್ರಪಿಂಡವನ್ನೂ ನೋಡಬೇಕು ಎಂದು ಸೇರಿಸಿ ಹೋದ.

ಆ ಎರಡು ದಿನ ಮಾವನ ರಕ್ತ ಆರಾರು ಗಂಟೆಗೊಮ್ಮೆ ಲ್ಯಾಬಿಗೆ ಬರುತ್ತಿತ್ತು. ಐಸಕ್ಕ ಅದನ್ನು ತಾನು ಮುಟ್ಟಲಿಲ್ಲ. ಪಕ್ಕದ ಮೆಷಿನ್ನಿನವಳಿಗೆ ಕೊಟ್ಟು, ಬೆನ್ನು ತಿರುಗಿಸಿ ನಿಂತು, ಅಂಕಿ ಓದಿ ಹೇಳು ಎನ್ನುತ್ತಿದ್ದಳು. ತನ್ನ ಕೈಯ ಮೇಲೆ ತನಗೇ ಭರವಸೆ ಉಳಿದಿರಲಿಲ್ಲ. ಮೂರನೆಯ ದಿನ ಮೂತ್ರಪಿಂಡದ ಅಂಕಿ ಇಳಿಯತೊಡಗಿತು. ನಾಲ್ಕನೆಯ ದಿನ ಮಾವ ಹೊಟ್ಟೆಯ ಪಟ್ಟಿ ಬದಲಿಸುವಾಗ ತಲೆ ಎತ್ತಿ ನೋಡಿ, ಇದೆಂಥ ಹೊಲಿಗೆ, ಗೋಣಿಚೀಲ ಹೊಲಿದ ಹಾಗಿದೆ ಎಂದು ಸರ್ಜನ್ನಿಗೇ ಹೇಳಿದನಂತೆ. ಐದನೆಯ ದಿನ ಇಂಜೆಕ್ಷನ್ ಕೊಡುವಾಗ ಅವನು ಕೂಗಿದ ಕೂಗು ಎರಡನೇ ಮಹಡಿಗೆ ಕೇಳಿಸಿತು. ಐಸಕ್ಕ ಟ್ಯೂಬುಗಳ ಮುಂದೆ ಕೂತು ಕಣ್ಣೊರೆಸಿಕೊಂಡಳು. ಆದರೂ ಮಾವನ ಮಂಚದ ಹತ್ತಿರ ಅವಳು ಒಬ್ಬಳೇ ಹೋಗಲಿಲ್ಲ. ಹೋಗಿ ಏನು ಹೇಳುವುದು?

ಏಳನೆಯ ದಿನ ಬೆಳಿಗ್ಗೆ ವಾರ್ಡಿನ ಸಿಸ್ಟರ್ ಫೋನು ಮಾಡಿದಳು.

"ಐಸಕ್ಕ, ನಿಮ್ಮ ಮಾವನ ಜೊತೆ ಏಗೋಕಾಗಲ್ಲ ನನಗೆ. ಇವತ್ತಿಂದ ರಕ್ತ ತೆಳು ಮಾಡೋ ಮಾತ್ರೆ ಬಾಯಲ್ಲಿ ಶುರು. ಕೊಟ್ರೆ ನುಂಗ್ತಾ ಇಲ್ಲ. ಸರ್ಜನ್ ಹೇಳಿದ್ರೂ ಇಲ್ಲ. ನನ್ನ ಸೊಸೆ ಇನ್ನೂ ಹೇಳಿಲ್ಲ ಅಂತ ಕೂತಿದ್ದಾರೆ."

ಐಸಕ್ಕ ಕೈಯಲ್ಲಿದ್ದ ಟ್ಯೂಬನ್ನು ಐಸಿನಲ್ಲಿಟ್ಟು ಓಡಿದಳು. ಮಾವ ದಿಂಬಿಗೊರಗಿ ಕೂತಿದ್ದ. ತೆರೆದ ಅಂಗೈಯಲ್ಲಿ ಮಾತ್ರೆ. ಪಕ್ಕದಲ್ಲಿ ನೀರಿನ ಲೋಟ ಹಿಡಿದು ನಾದಿನಿ. ಅವನು ಸೊಸೆಯ ಮುಖ ನೋಡಿ ಅಂಗೈಯನ್ನು ಸ್ವಲ್ಪ ಮುಂದೆ ಚಾಚಿದ. ಇಷ್ಟೆಲ್ಲ ಆದ ಮೇಲೂ ಈ ಮನುಷ್ಯ ತನ್ನ ಮಾತಿಗೇ ಕಾಯುತ್ತಿದ್ದಾನೆ.

"ತಗೊಳ್ಳಿ ಮಾವ," ಎಂದಳು. ದನಿ ಹೊರಬಂದಂತೆಯೇ ಇರಲಿಲ್ಲ.

ಮಾವ ಅಲುಗಲಿಲ್ಲ. ನಾದಿನಿ ನೀರಿನ ಲೋಟವನ್ನು ಐಸಕ್ಕನ ಕೈಗಿತ್ತಳು.

"ಜೋರಾಗಿ ಹೇಳಿ ಅತ್ತಿಗೆ. ಅವರಿಗೆ ಕೇಳಿಸ್ಲಿಲ್ಲ."

ಅವಳು ಇನ್ನೊಮ್ಮೆ ಹೇಳಿದಳು, ಇಡೀ ವಾರ್ಡಿಗೆ ಕೇಳಿಸುವಂತೆ. ಮಾವ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು, ಅವಳ ಕೈಯಿಂದ ಲೋಟ ತೆಗೆದುಕೊಂಡು ಪೂರ್ತಿ ನೀರು ಕುಡಿದ.